ಹೊಂದದ ನಂಬರಿನ ಬಂದೂಕು

ಅಂತೂ, ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದಿಗೆ ಪೂಜೆ ಮಾಡಲು ಒಂದು ಬಂದೂಕಿಲ್ಲವೆಂಬ ನನ್ನ ಕೊರಗು ತೀರಿತು, ದೇಚು. ಪಕ್ಕದ ಮನೆಯ, ನಮ್ಮ ಕಡೆಯವನೇ ಆದ ಹ್ಯಾರಿಸ್ ಸೈನ್ಯದ ಹಳೆಯ ರೈಫಲೊಂದನ್ನು ಕೊಂಡಿದ್ದಾನೆ. ಇವತ್ತು ಅದಕ್ಕೇ ಪೂಜೆ. ಪರದೇಶದ ಈ ಕೆಲ್ಲಿವಿಲ್‌ನಲ್ಲಿ ಬಂದೂಕಿಗೆ ಮುಡಿಸುವ ತೋಕ್‌ಪೂ ಎಲ್ಲಿಂದ ತರಲಿ? ನಳಿಗೆಗೆ ಬಾಟಲ್‌ಬ್ರಷ್ ಹೂವನ್ನೇ ಸಿಕ್ಕಿಸಿದೆ.

ಆಮೇಲೆ ಕನ್ನಡಕ ಹಾಕಿ ನೋಡುತ್ತೇನೆ, ಬಂದೂಕಿನ ಮೈಮೇಲೆ ಇಸವಿ 1941 ಎಂದಿದೆ, ನಳಿಗೆಯ ಮೇಲೆ 1944. ಗುಂಡನ್ನು ಒಳಗೆ ತಳ್ಳುವ ಬೋಲ್ಟಿನ ನಂಬರಂತೂ ಬಂದೂಕಿನ ನಂಬರಿಗೆ ಹೊಂದುವುದೇ ಇಲ್ಲ.

"ಇದು ಒಂದೇ ಬಂದೂಕಲ್ಲ ಮಾರಾಯ್ರೇ," ಎಂದು ಹ್ಯಾರಿಸ್ ನಕ್ಕ. "ಹಾಳಾದದ್ದನ್ನೆಲ್ಲ ಬಿಚ್ಚಿ, ಒಳ್ಳೆ ಪಾರ್ಟ್ ತೆಗ್ದು ಜೋಡಿಸಿದ್ದು. ಹೊಡೀಲಿಕ್ಕೆ ಏನೂ ತೊಂದ್ರೆ ಇಲ್ಲ, ಅಂಕಲ್."

"ಬೋಲ್ಟ್ ಕೊಟ್ಟ ಬಂದೂಕು?"

"ಅದು ಯಾವಾಗ್ಲೋ ಗುಜರಿಗೆ ಹೋಯ್ತು."

'ದಿ ಹೋಲ್ ಈಸ್ ಗ್ರೇಟರ್ ದ್ಯಾನ್', ಯಾವುದಕ್ಕಿಂತಲೋ ಇಡಿಯಾದದ್ದೇ ದೊಡ್ಡದು ಎಂದೇನೋ ಕಾಲೇಜಿನಲ್ಲಿ ಓದಿದ್ದೆ, ಮುಂದಿನದು ನಾಲಿಗೆಗೆ ಬರಲಿಲ್ಲ. ನೀನು ತೀರಿಹೋದ ದಿನ ಮೆಲ್ಬರ್ನ್‌ನ ಆಸ್ಪತ್ರೆಯಲ್ಲಿ ನಿನ್ನ ಕಣ್ಣು ದಾನ ಕೊಡಲು ಗಂಡನೆಂದು ಸಹಿ ಹಾಕಿದ್ದು ಇದೇ ಕೈ. ನಿನ್ನನ್ನು ಕೇಳುವ ಹೊತ್ತು ಮೀರಿತ್ತು.

ಹ್ಯಾರಿಸ್ ಬೋಲ್ಟನ್ನು ಹಿಂದಕ್ಕೆಳೆದು ತಳ್ಳಿದ. ಅಲ್ಲಿಗೆಂದೇ ಹುಟ್ಟಿದಂತೆ ಅದು ಸರಕ್ಕನೆ ಕೂತುಕೊಂಡಿತು.

ನಿನಗೆ ಬರೆದದ್ದು ಮಸುಕಾಗುತ್ತಿದೆ, ಬೆಳಕು ಹೋಗುತ್ತಿದೆ. ಮೆಲ್ಬರ್ನ್‌ನಲ್ಲೂ ಯಾರೋ ಈಗ ಎದ್ದು, ನಿನ್ನ ಕಣ್ಣಿಗೆ ಕತ್ತಲಾಯಿತೆಂದು ದೀಪ ಹಾಕುತ್ತಿರಬೇಕು.