ಅತ್ತೆಯವರ ಹೆಪ್ಪು

ಏನೂಂದ್ರೆ,

ನೀವು ಸ್ಕೂಲಿನಿಂದ ಬರುವವರೆಗೆ ಬಸ್ಸು ಕಾಯುವುದಿಲ್ಲ, ಅದಕ್ಕೇ ಈ ಚೀಟಿ. ಗಂಡಸಿಯಲ್ಲಿ ನಮ್ಮ ಕೋಮಲಿಯ ಅತ್ತೆ ಕಾಲು ಉಳುಕಿಸಿಕೊಂಡಿದ್ದಾರಂತೆ. ಅವಳ ಮಗುವನ್ನು ನೋಡಿಕೊಳ್ಳಲು ನಾಲ್ಕು ದಿನ ಹೋಗಿಬರುತ್ತೇನೆ.

ಸಾರು ಒಲೆಯ ಮೇಲಿದೆ. ಹೆಪ್ಪು ನೀರಿನ ಗಡಿಗೆಯ ಪಕ್ಕ, ತಂಪಿನಲ್ಲಿ, ಕಲ್ಲುಮರಿಗೆಯೊಳಗಿದೆ. ಹಾಲು ಬೆರಳು ತಾಳುವಷ್ಟು ಬೆಚ್ಚಗಿದ್ದಾಗ ಒಂದು ಚಮಚ ಹಾಕಿ. ಮೇಲಿನ ನೀರು ಬೇಡ, ಗಟ್ಟಿ ಮೊಸರೇ ಆಗಬೇಕು. ನಾಳೆಗೆ ಬೇಕಾದದ್ದನ್ನು ಊಟಕ್ಕೆ ಕೂರುವ ಮೊದಲೇ ಎತ್ತಿಡಿ. ಆಮೇಲೆ ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅನ್ನದ ಕೈಯಲ್ಲಂತೂ ಮುಟ್ಟಲೇಬೇಡಿ.

ಹೋದ ಸಲ ನಾನು ಬೇಲೂರಿನಿಂದ ಬಂದಾಗ, "ನಮ್ಮಮ್ಮನ ಕಾಲದ ಹೆಪ್ಪು ಕಣೇ, ಹಾಗೇ ಕಾಪಾಡಿದೀನಿ" ಅಂದಿರಿ. ಮರಿಗೆಯ ತಳದಲ್ಲಿ ಎರಡು ಮೆಣಸಿನಕಾಯಿ ತೊಟ್ಟು ಸಿಕ್ಕಿದವು. ಹೆಪ್ಪು ಮುಗಿದರೆ ಹಾಲಿಗೆ ತೊಟ್ಟು ಹಾಕುತ್ತಾರೆಂದು ನನಗೂ ಗೊತ್ತು. ಪುಣ್ಯಕ್ಕೆ ಅತ್ತೆಯವರ ಹೆಪ್ಪನ್ನೇ ಪಕ್ಕದ ಮನೆಯ ವೇದವಲ್ಲಿಗೆ ಕೊಟ್ಟಿದ್ದೆ. ಅವಳಿಂದಲೇ ವಾಪಸು ತಂದೆ. ನಿಮಗೆ ಹೇಳಲಿಲ್ಲ, ಅಷ್ಟೇ.

ಈ ಸಲ ಮುಗಿಸಿದರೆ ತೊಟ್ಟು ಹುಡುಕಬೇಡಿ. ಒಂದು ಬಟ್ಟಲು ನಾನು ಗಂಡಸಿಗೆ ಕೊಂಡೊಯ್ಯುತ್ತಿದ್ದೇನೆ, ಅಲ್ಲಿಗೇ ಬನ್ನಿ. ನಿಜ ಹೇಳಬೇಕೆಂದರೆ, ಮುಗಿಸಿಯೇಬಿಡಿ. ಮೊಮ್ಮಗಳು "ತಾತ" ಅನ್ನುವುದನ್ನು ಕಲಿತಿದ್ದಾಳಂತೆ.

ಚೆಲುವಾಂಬ