ಅಪ್ಪನ ಬಲಗೈ

ತಾವರಗೇರಾ
ತಾ. 11-2-1985, ಸೋಮವಾರ

ಪ್ರೀತಿಯ ಕೊಟ್ರಬಸಣ್ಣಾ,

ತಂಗಿಯ ನಮಸ್ಕಾರ. ಅಪ್ಪ ಹೇಗಿದ್ದಾನೆ? ಎದೆನೋವು ಮತ್ತೆ ಬಂತೇ? ರೊಟ್ಟಿ ಸಿಗದ ಊರು ಊರೇ ಅಲ್ಲ ಎನ್ನುವವನು, ಮದ್ರಾಸಿನ ಆಸ್ಪತ್ರೆಯ ಅನ್ನಕ್ಕೆ ಮುಖ ಸಿಂಡರಿಸುತ್ತಿರಬೇಕು. ನಾನು ಕಟ್ಟಿಕೊಟ್ಟ ಶೇಂಗಾ ಹಿಂಡಿಗೆ ಉಪ್ಪು ಜಾಸ್ತಿ, ಅವನಿಗೆ ಕೊಡಬೇಡ, ನೀನೇ ತಿಂದು ಮುಗಿಸು. ಅವ್ವ ಆರಾಮಿದ್ದಾಳೆ. ನಿನ್ನ ಪತ್ರವನ್ನು ನನ್ನಿಂದ ಮೂರು ಸಲ ಓದಿಸಿದಳು. ಗುರುವಾರ ಆಪರೇಷನ್ ಎಂದು ಓದಿದಾಗಲೆಲ್ಲ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ಆ ಪತ್ರದ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. ಡಾಕ್ಟರು ಅಪ್ಪನ ಕುತ್ತಿಗೆಗೆ ಸ್ಟೆಥಾಸ್ಕೋಪ್ ಇಟ್ಟು, ಮಿದುಳಿಗೆ ಹೋಗುವ ರಕ್ತನಾಳ ಕಿರಿದಾದಂತಿದೆ, ಎಂದಾದರೂ ಕೈ ಸೋತಿತ್ತೇ, ಮಾತು ನಿಂತಿತ್ತೇ, ಗಳಿಗೆ ಹೊತ್ತಾದರೂ ಸರಿ, ಎಂದು ಕೇಳಿದರಂತೆ. ಹಾಗೇನಾದರೂ ಆಗಿದ್ದರೆ ಮೊದಲು ಕುತ್ತಿಗೆಯ ನಾಳ ನೋಡಬೇಕು, ಇಲ್ಲದಿದ್ದರೆ ಎದೆಯ ಆಪರೇಷನ್ ಮಾಡುವಾಗಲೇ ಲಕ್ವಾ ಹೊಡೆಯಬಹುದು ಎಂದರಂತೆ. ಅಪ್ಪ ಇಲ್ಲ ಎಂದ, ನೀನೂ ಇಲ್ಲ ಎಂದೆ. ನಿನ್ನದು ಸುಳ್ಳಲ್ಲ, ನಿನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ನನಗೆ.

ದೀಪಾವಳಿಯಾದ ಮೇಲೆ ಕುಷ್ಟಗಿಯ ಬೀಗರು ನನ್ನ ನಿಶ್ಚಯಕ್ಕೆ ಬಂದರಲ್ಲ, ಅಂದು ಮುಂಜಾನೆ ದೇವರ ಮುಂದೆ ಅಪ್ಪನ ಬಲಗೈಯಿಂದ ಉಡಿಯ ತೆಂಗಿನಕಾಯಿ ಜಾರಿ ಬಿತ್ತು. ಬಾಯಿ ಒಂದು ಕಡೆ ಎಳೆದುಕೊಂಡು ಮಾತೇ ಹೊರಡಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಎಲ್ಲ ಸರಿಯಾಯಿತು. ನಾನು ಕೈ ನೋಡಬೇಕಿತ್ತು ಅಣ್ಣಾ, ಕಾಯಿ ನೋಡಿದೆ. ನಿಶ್ಚಯದ ಕಾಯಿ ನೆಲಕ್ಕೆ ಬಿದ್ದರೆ ಅಪಶಕುನ, ಯಾರಾದರೂ ಕಂಡಾರೆಂದು ಒರೆಸಿ ತಟ್ಟೆಯಲ್ಲಿಟ್ಟುಬಿಟ್ಟೆ. "ಯಾರ ಮುಂದೂ ಅನಬ್ಯಾಡವ್ವಾ, ಲಕ್ವಾದ ಮನಿ ಅಂದ್ರ ಅವರು ತಿರುಗಿ ನೋಡೂದಿಲ್ಲ" ಎಂದ ಅಪ್ಪ. ನನಗೆ ಒಳಗೊಳಗೇ ಹಿತವಾಯಿತು. ಹುಡುಗ ನನಗೆ ಹಿಡಿಸಿದ್ದ. ನನ್ನ ಮದುವೆಗಾಗಿ ಅಪ್ಪನ ಜೀವ ಒತ್ತೆಯಿಟ್ಟೆ.

ಪತ್ರ ಮುಟ್ಟಿದ ಕೂಡಲೇ ಡಾಕ್ಟರಿಗೆ ಹೇಳು. ಅಪ್ಪ ಅಲ್ಲಗಳೆದರೆ ನನ್ನ ಹೆಸರು ಹೇಳು. ಊರಿಗೆ ಬಂದು ಎಷ್ಟಾದರೂ ಬೈಯಲಿ, ಬೈಯುವುದಕ್ಕಾದರೂ ಅವನ ಮಾತು ಉಳಿಯಲಿ.

ನಿನಗೆ ಅವ್ವನ ಆಶೀರ್ವಾದ. ಅಪ್ಪನ ಪಾದಗಳಿಗೆ ನನ್ನ ಶರಣು.

ನಿನ್ನ ತಂಗಿ,
ಗುರುಲಿಂಗಮ್ಮ

ತಾ.ಕ.: ಟಪಾಲು ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಪತ್ರ ಮುಟ್ಟುವುದು ಶುಕ್ರವಾರವಂತೆ. ಅದಕ್ಕೇ ನಾಳೆಯೇ ಮುಟ್ಟುವ ಹಾಗೆ ತಾರು ಕೊಟ್ಟೆ. ಇಲ್ಲಿ ತಾರು ಬರೆದುಕೊಳ್ಳುವ ಅಮರಪ್ಪನವರು ಹುಡುಗನ ಸೋದರಮಾವ. "ಅಪ್ಪನ ಬಲಗೈ ಎರಡು ಸಲ ಸೋತಿತ್ತು, ಆಪರೇಷನ್ನಿಗೆ ಮೊದಲು ಡಾಕ್ಟರಿಗೆ ಹೇಳು" ಎಂದು ಬರೆಸಿದೆ. ಅವರು ಕನ್ನಡಕ ತೆಗೆದು, "ಎರಡ ಸಲಾ ಅಂತನ ಬರೀಲೇನವ್ವಾ?" ಎಂದರು. ಎರಡನೆಯದು ನೀವು ಮದ್ರಾಸಿಗೆ ಹೊರಟ ದಿನ ಕೊಪ್ಪಳ ಸ್ಟೇಷನ್ನಿನಲ್ಲಿ ಅಣ್ಣಾ, ನೀನು ಟಿಕೀಟು ತರಲು ಹೋಗಿದ್ದಾಗ. ಗಾಡಿ ಬಂತು. ನಾನು ಸುಮ್ಮನೆ ಅವನನ್ನು ಹತ್ತಿಸಿ ಕೈ ಬೀಸಿದೆ. "ಬರೀರಿ" ಎಂದೆ.