ಕೆಮ್ಮು: ಹೌದು / ಇಲ್ಲ

ಜೂನ್ 9, ಬೆಳಿಗ್ಗೆ 8.10

ಮೊಣಕೈವರೆಗೆ ಸೋಪು. ಗೋಡೆ ಗಡಿಯಾರ ನೋಡಿಕೊಂಡು ಎರಡು ನಿಮಿಷ. ಉಂಗುರವಿಲ್ಲ, ವಾಚಿಲ್ಲ. ನಲವತ್ತು ವರ್ಷ ಬಣ್ಣ ಹಚ್ಚಿಕೊಂಡು ಪ್ರವೇಶ ಮಾಡಿದವನು ಈಗ ಇದ್ದಬದ್ದದ್ದೆಲ್ಲ ತೊಳೆದುಕೊಂಡು ಪ್ರವೇಶ ಮಾಡುತ್ತೇನೆ.

ಒಳಗೆ ಆರು ಗಾಜಿನ ಪೆಟ್ಟಿಗೆ. ಐದನೆಯದರಲ್ಲಿ ನನ್ನ ಮೊಮ್ಮಗಳು. ಇಂದಿಗೆ ಒಂಬತ್ತನೆಯ ದಿನ. ಹನ್ನೆರಡು ವಾರ ಮೊದಲೇ ಬಂದಳು — ಬೆಲ್ ಹೊಡೆದಿಲ್ಲ, ಪರದೆ ಎದ್ದಿಲ್ಲ, ಪಾತ್ರಧಾರಿ ಆಗಲೇ ರಂಗದ ನಡುವೆ. ಹುಟ್ಟಿದಾಗ ಒಂಬೈನೂರ ಎಂಬತ್ತು ಗ್ರಾಂ. ಮಗಳು ಇಟ್ಟ ಹೆಸರು ಬೊಗಸೆ. ಎರಡು ಅಂಗೈ ಜೋಡಿಸಿದರೆ ಎಷ್ಟೋ ಅಷ್ಟೇ ಅವಳು.

ಮಗಳು ಮೇಲಿನ ಮಹಡಿಯ ವಾರ್ಡಿನಲ್ಲಿ. ಬಿ.ಪಿ. ಇಳಿದಿಲ್ಲ, ಏಳುವಂತಿಲ್ಲ. ಅಳಿಯ ಸರಕು ಹಡಗಿನ ಎಂಜಿನಿಯರ್. ದಡ ಸೇರಲು ಇನ್ನೂ ಒಂದು ತಿಂಗಳು. ಹೆಂಡತಿ ಹೋಗಿ ಆರು ವರ್ಷ. ಉಳಿದದ್ದು ನಾನು... ನಾಟಕದ ಕಂಪನಿ ಮುಚ್ಚಿದ ಮೇಲೆ ಕೆಲಸವಿಲ್ಲದೆ ಬಿದ್ದಿರುವ ಒಂದು ದೊಡ್ಡ ಗಂಟಲು.

ಗೋಡೆಯ ಮೇಲೆ ಕಿವಿಯ ಆಕಾರದ ದೀಪ. ಸದ್ದು ಕಡಿಮೆಯಿದ್ದರೆ ಹಸಿರು, ಏರಿದರೆ ಹಳದಿ, ಮೀರಿದರೆ ಕೆಂಪು. ಮೊದಲ ದಿನ ಬಾಗಿಲಲ್ಲಿ ನಿಂತು "ನಮಸ್ಕಾರ" ಎಂದೆ. ಕೆಂಪು. ಹೆಡ್ ಸಿಸ್ಟರ್ ತಲೆಯನ್ನೂ ಎತ್ತಲಿಲ್ಲ.

"ಯಜಮಾನ್ರೇ, ಕೊನೇ ಬೆಂಚಿಗೆ ಕೇಳ್ಸೋದು ಬೇಡ. ಇಲ್ಲಿ ಎಲ್ರೂ ಮೊದಲ್ನೇ ಸಾಲೇ."

ಇಂಥ ವಿಮರ್ಶೆ ಜೀವಮಾನದಲ್ಲಿ ಬಂದಿರಲಿಲ್ಲ.

ಜೂನ್ 10

ಮೇಲೆ ಮಗಳ ವಾರ್ಡಿಗೆ ಸಂಶೋಧನೆಯ ಡಾಕ್ಟರಮ್ಮ ಬಂದಿದ್ದರು. ಸಣ್ಣ ಆಳು, ಕಿವಿಯ ಹಿಂದೆ ಪೆನ್ನು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಸೋಂಕು ಏಕೆ ಬೇಗ ತಗಲುತ್ತದೆ, ಅವರ ರಕ್ತ ಅದಕ್ಕೆ ಹೇಗೆ ಉತ್ತರ ಕೊಡುತ್ತದೆ — ಅದನ್ನು ಹುಡುಕುವುದು ಇವರ ಕೆಲಸ. ಬೇರೆ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಮಿಕ್ಕ ಎರಡು ಹನಿ ಸಾಕಂತೆ. ಮಗಳು ಮಲಗಿದಲ್ಲೇ ಒಪ್ಪಿಗೆಗೆ ಸಹಿ ಹಾಕಿದಳು.

"ಅಂದ್ರೆ ಮಗೂನ ಒಳಗಿನ ಸೈನ್ಯ ಬಲಹೀನ, ಅಷ್ಟೇ ತಾನೆ?" ಎಂದೆ. ಪಿಸುಮಾತು ಎಂದೇ ನನ್ನ ಭಾವನೆ. ಕೆಳಗಾಗಿದ್ದರೆ ಗೋಡೆಯ ಕಿವಿ ಹಳದಿಯಾಗುತ್ತಿತ್ತು.

"ನಾವೂ ಹಾಗೇ ಅಂದ್ಕೊಂಡಿದ್ವಿ ತಾತ. ಪೂರ್ತಿ ಹಾಗಲ್ಲ. ಹೊಟ್ಟೆ ಒಳಗೆ ಮಗು ತಾಯಿ ಮೇಲೆ ಯುದ್ಧ ಮಾಡೋ ಹಾಗಿಲ್ಲ. ಅದಕ್ಕೇ ಸೈನಿಕರಿಗೆ ಕತ್ತಿ ಎತ್ತಬೇಡಿ ಅಂತ ಆಜ್ಞೆ. ಇವಳು ಬೇಗ ಹೊರಗೆ ಬಂದ್ಬಿಟ್ಟಳು. ಆಜ್ಞೆ ಇನ್ನೂ ಬದಲಾಗಿಲ್ಲ."

"ತಾಯಿಯಿಂದ ಬರೋ ರಕ್ಷಣೆ?"

"ಅದ್ರಲ್ಲಿ ಹೆಚ್ಚಿನದು ಬರೋದು ಕೊನೇ ತಿಂಗಳುಗಳಲ್ಲಿ. ಬುತ್ತಿ ಕಟ್ಟೋ ಮೊದಲೇ ಬಸ್ ಹೊರಟುಬಿಡ್ತು ಅನ್ಕೊಳ್ಳಿ."

ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಒಂದು ಪುಸ್ತಕ ಕೊಟ್ಟಿದ್ದಾರೆ. ಮಗುವನ್ನು ಮುಟ್ಟುವವರು ದಿನಾ ಬಾಗಿಲಲ್ಲಿ ತುಂಬಬೇಕು. ಜ್ವರ: ಹೌದು / ಇಲ್ಲ. ಕೆಮ್ಮು: ಹೌದು / ಇಲ್ಲ. "ಹೌದು" ಎಂದವರು ಅಲ್ಲಿಂದಲೇ ವಾಪಸ್. ತಪ್ಪು ಬರೆದರೆ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು.

ಆ ಪುಸ್ತಕ ಅವರಿಗೆ. ಇದು ನನಗೆ.

ಜೂನ್ 11, ಮಧ್ಯಾಹ್ನ

ಇಂದು ಬೊಗಸೆಯನ್ನು ನನ್ನ ಎದೆಗೆ ಕೊಟ್ಟರು.

ಮೊದಲು ಹಾಲು. ಮೇಲೆ ಮಗಳು ಹಿಂಡಿ ತೆಗೆದದ್ದು ಅರ್ಧ ಚಮಚವೂ ಇಲ್ಲ. ಸಿರಿಂಜಿನಲ್ಲಿ ಹಿಡಿದು ಮಹಡಿ ಇಳಿದೆ. ಎಷ್ಟೋ ಸಲ ಕಿರೀಟ ಹೊತ್ತು ಇಳಿದಿದ್ದೇನೆ, ಇಷ್ಟು ಹುಷಾರಾಗಿ ಇಳಿದದ್ದಿಲ್ಲ. ಸಿಸ್ಟರ್ ಒಂದು ಹನಿಯನ್ನು ಬೊಗಸೆಯ ಕೆನ್ನೆಯ ಒಳಗೆ ಸವರಿದಳು. ಇದೂ ಬುತ್ತಿಯೇ ಅಂತೆ, ತಡವಾಗಿ ತಲುಪಿದ್ದು.

ಆಮೇಲೆ ನನ್ನ ಅಂಗಿ ಬಿಚ್ಚಿಸಿದರು; ಮಗುವಿಗೆ ಮೈಬಿಸಿ ನೇರ ತಾಗಬೇಕಂತೆ. ಒರಗು ಕುರ್ಚಿ. ವೈರು, ಕೊಳವೆ ಸಮೇತ ಅವಳನ್ನು ಎತ್ತಿ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ ಬಟ್ಟೆ ಸುತ್ತಿದರು.

ತೂಕವೇ ಇಲ್ಲ. ಬಿಸಿ ಮಾತ್ರ ಇದೆ.

ಇವಳು ಆಗಾಗ ಉಸಿರಾಡುವುದನ್ನೇ ಮರೆಯುತ್ತಾಳೆ. ಯಂತ್ರ ಕೂಗುತ್ತದೆ, ಸಿಸ್ಟರ್ ಬಂದು ಅಂಗಾಲು ಸವರುತ್ತಾಳೆ, ಇವಳಿಗೆ ನೆನಪಾಗುತ್ತದೆ. ನೇಪಥ್ಯದಿಂದ ಮಾತು ಎತ್ತಿ ಕೊಡುವ ಪ್ರಾಂಪ್ಟರ್. ಆದರೆ ಎದೆಯ ಮೇಲಿದ್ದ ಐವತ್ತು ನಿಮಿಷದಲ್ಲಿ ಒಂದು ಸಲವೂ ಮರೆಯಲಿಲ್ಲ.

"ಲೌಡ್‌ಸ್ಪೀಕರ್ ತಾತಾ, ನಿಮ್ಮ ಎದೆ ಪರವಾಗಿಲ್ಲ" ಎಂದಳು ಸಿಸ್ಟರ್. "ಗಂಟಲೊಂದನ್ನ ಮನೇಲಿ ಬಿಟ್ಟು ಬನ್ನಿ."

ಜೂನ್ 13, ಬೆಳಿಗ್ಗೆ

ಗಂಟಲಲ್ಲಿ ಮುಳ್ಳು. ಉಪ್ಪುನೀರು ಮುಕ್ಕಳಿಸಿದೆ. ಧೂಳಿರಬೇಕು.

ಪುಸ್ತಕದಲ್ಲಿ — ಇಲ್ಲ.

ಅದೇ ದಿನ, ಸಂಜೆ

ಎದೆಯ ಮೇಲೆ ಎಪ್ಪತ್ತು ನಿಮಿಷ. ಒಂದು ಸಲವೂ ಕೆಮ್ಮಲಿಲ್ಲ. ನಾಲಿಗೆಯ ತುದಿ ಅಂಗುಳಕ್ಕೆ ಒತ್ತಿ, ಮೂಗಿನಲ್ಲಿ ಎಳೆದೆಳೆದು ಉಸಿರು. ಇದನ್ನು ಹನ್ನೆರಡನೆಯ ವಯಸ್ಸಿಗೆ ಕಲಿತವನು ನಾನು. ಸತ್ತ ರಾಜನ ಪಾತ್ರದಲ್ಲಿ ಇಡೀ ಒಂದು ಅಂಕ ಹೆಣವಾಗಿ ಮಲಗಿದ್ದೇನೆ, ಜ್ವರದಲ್ಲಿ; ಒಂದು ಹುಬ್ಬು ಅಲುಗಿಲ್ಲ.

ಮಾಸ್ಕ್ ಇದೆಯಲ್ಲ. ನಾನು ಬರದಿದ್ದರೆ ಅವಳಿಗೆ ಯಾರ ಎದೆ?

ಜೂನ್ 14

ಇಲ್ಲ.

ಜೂನ್ 17, ಮಧ್ಯಾಹ್ನ

ಎರಡು ದಿನ ಬರೆಯಲಿಲ್ಲ. ಪೆನ್ನು ಹಿಡಿದೆ, ಇಟ್ಟೆ.

ಹದಿನೈದರ ಬೆಳಿಗ್ಗೆಯೇ ಒಳಗೆ ಬಿಡಲಿಲ್ಲ. ಬೊಗಸೆಯ ಮೈ ಬಣ್ಣ ಕೆಟ್ಟಿದೆ, ಬೂದಿ ಎರಚಿದ ಹಾಗೆ. ಹಾಲು ಇಳಿಯುತ್ತಿಲ್ಲ. ಉಸಿರು ಮರೆಯುವುದು ಜಾಸ್ತಿಯಾಯಿತು. ಸಿಸ್ಟರ್ ಅಂಗಾಲು ಸವರಿದಳು, ಬೆನ್ನು ಸವರಿದಳು... ಪ್ರಾಂಪ್ಟರ್ ಎಷ್ಟು ಎತ್ತಿಕೊಟ್ಟರೂ ಮಾತು ಬರಲಿಲ್ಲ. ಉಸಿರಾಟದ ಯಂತ್ರಕ್ಕೆ ಹಾಕಿದರು.

ರಕ್ತದಲ್ಲಿ ಸೋಂಕು ಇರಬಹುದಂತೆ. ಔಷಧ ಶುರುವಾಗಿದೆ. ಯಾವ ಕ್ರಿಮಿ ಎಂದು ತಿಳಿಯಲು ಕಾಯಬೇಕು.

"ಎಲ್ಲಿಂದ ಬಂತು?" ಎಂದು ಯಾರೋ ಯಾರನ್ನೋ ಕೇಳುತ್ತಿದ್ದರು. ನನ್ನನ್ನಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾರಿಡಾರಿನಲ್ಲಿ ನಿಂತು ನನ್ನ ಕೈ ತಾನಾಗಿ ಗಂಟಲಿಗೆ ಹೋಯಿತು.

ಮೇಲೆ ಹೋಗಿ ಮಗಳಿಗೆ, "ಸ್ವಲ್ಪ ಸುಸ್ತಾಗಿದ್ದಾಳೆ ಅಷ್ಟೆ, ಮಲಗಿದ್ದಾಳೆ" ಎಂದೆ. ನಕ್ಕೆ ಕೂಡ. ಒಳ್ಳೆಯ ನಟನೆ. ಥೂ.

ಜೂನ್ 18

ಡಾಕ್ಟರಮ್ಮನ ಕೋಣೆ. ಒಂದು ಮೇಜು, ರಕ್ತದ ಹನಿ ಇಡುವ ಹಿಮದ ಪೆಟ್ಟಿಗೆಯ ಗುಂಯ್ ಸದ್ದು. ಮಾತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮರೆತುಹೋಯಿತು.

"ನಂಗೆ ಕೆಮ್ಮಿತ್ತು. ಹದಿಮೂರು, ಹದಿನಾಲ್ಕು. ಇಲ್ಲ ಅಂತ ಬರೆದೆ."

ಅವರು ಎದ್ದು ಬಾಗಿಲು ಹಾಕಿದರು. 

"ಒಂದ್ಸಲಾನೂ ಕೆಮ್ಮಲಿಲ್ವಲ್ಲ ನೀವು. ಸಿಸ್ಟರ್ ಪಕ್ಕದಲ್ಲೇ ಇದ್ರು."

"ತಡೆದೆ. ನಮ್ಮ ಕಸುಬು."

"ಕೆಮ್ಮು ತಡೀಬಹುದು. ನೆಗಡಿ ತಡೆಯೋಕಾಗುತ್ತಾ? ಕೈಗೆ ಬರುತ್ತೆ, ಉಸಿರಿಗೆ ಬರುತ್ತೆ. ಆ ರೂಮಲ್ಲಿ ಆರು ಮಕ್ಕಳಿದಾವೆ ತಾತ." ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಇವಳ ರಕ್ತದ ಹನಿ ನಂಗೆ ಏನೋ ಹೇಳುತ್ತೆ. ಅದರ ಪಕ್ಕ ನೀವು ಸುಳ್ಳು ಬರೆದ್ರೆ, ನಾಳೆ ಇನ್ನೊಂದು ಮಗು ವಿಷಯದಲ್ಲಿ ನಾನು ತಪ್ಪು ತಿಳ್ಕೋತೀನಿ. ಅದು ಗೊತ್ತಾ?"

"ಈಗ ಗೊತ್ತಾಯ್ತು."

ಪುಸ್ತಕ ತರಿಸಿ ಮುಂದಿಟ್ಟರು. ಕಿವಿಯ ಹಿಂದಿನ ಪೆನ್ನು ಕೊಟ್ಟರು. "ಇಲ್ಲ"ದ ಮೇಲೆ ಒಂದು ಗೆರೆ. ಪಕ್ಕದಲ್ಲಿ "ಹೌದು". ಸಹಿ. ತಾರೀಖು. ಮುಂದಿನ ಸಾಲಿಗೂ ಹಾಗೇ. ಸಾವಿರ ಸಲ ಹಸ್ತಾಕ್ಷರ ಕೊಟ್ಟ ಕೈ, ಈ ಎರಡು ಸಹಿಯನ್ನು ಅಕ್ಷರ ಅಕ್ಷರ ಕೂಡಿಸಿ ಬರೆಯಿತು. ಗೆರೆಯ ಕೆಳಗಿನ "ಇಲ್ಲ" ಹಾಗೇ ಕಾಣುತ್ತದೆ. ಕಾಣಬೇಕಂತೆ.

ಆರು ಮಕ್ಕಳ ಮೂಗಿನಿಂದಲೂ ಸ್ಯಾಂಪಲ್ ತೆಗೆದರು. ನನ್ನದೂ. ಹತ್ತು ದಿನ ಬಾಗಿಲಾಚೆ.

ಜೂನ್ 19

ಮಗಳಿಗೆ ಹೇಳಿದೆ. ಹೊದಿಕೆಯ ಅಂಚು ಮಡಚುತ್ತಾ ಕೇಳಿದಳು. ಕೊನೆಗೆ:

"ಗೊತ್ತಿತ್ತು ಅಪ್ಪ."

"ಏನು ಗೊತ್ತಿತ್ತು?"

"ನೀನು ಕೆಮ್ಮು ತಡ್ಕೊಂಡಾಗ ಎಡಗಿವಿ ಕೆಂಪಾಗುತ್ತೆ. ಚಿಕ್ಕೋಳಿದ್ದಾಗ ಸೈಡಲ್ಲಿ ನಿಂತು ನೋಡ್ತಿರ್ಲಿಲ್ವಾ? ಜನಕ್ಕೆ ಕಾಣಲ್ಲ. ನಂಗೆ ಕಾಣುತ್ತೆ. ಹದಿಮೂರನೇ ತಾರೀಖು ನೀನು ಇಲ್ಲೇ ಕೂತಿದ್ದೆ, ಹಣ್ಣುಮೆಣಸಿನಕಾಯಿ ಥರ ಇತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

ಹೊದಿಕೆ ಬಿಟ್ಟಳು. "ನಂಗೆ ಇಳಿಯೋಕಾಗಲ್ಲ. ಯಾರಾದ್ರೂ ಒಬ್ರು ಎತ್ಕೊಳ್ಲಿ ಅನ್ನಿಸ್ತು. ನೀನು ಹೇಳಿದ್ದು ಒಂದು ಸುಳ್ಳು, ನಾನು ನುಂಗಿದ್ದು ಒಂದು. ಅಪ್ಪನ ಮಗಳೇ."

ಇಬ್ಬರೂ ಅತ್ತೆವು. ನಾಟಕದಲ್ಲಿ ನಾನು ಅಳುವಾಗ ಕೊನೆಯ ಬೆಂಚಿನವರೂ ಮೂಗು ಒರೆಸುತ್ತಿದ್ದರು. ಇವತ್ತು ಪಕ್ಕದ ಮಂಚದವರಿಗೂ ಕೇಳಲಿಲ್ಲ.

ಜೂನ್ 21

ಡಾಕ್ಟರಮ್ಮ ಕಾರಿಡಾರಿಗೇ ಬಂದರು.

ಬೊಗಸೆಯ ರಕ್ತದಲ್ಲಿ ಸಿಕ್ಕಿದ್ದು ಬೇರೆ ಕ್ರಿಮಿ. ಚರ್ಮದ ಮೇಲಿನದು, ಸಣ್ಣ ರಕ್ತನಾಳಕ್ಕೆ ಹಾಕಿದ್ದ ಕೊಳವೆಯ ದಾರಿಯಲ್ಲಿ ಒಳಹೊಕ್ಕಿರಬೇಕು. ಔಷಧಕ್ಕೆ ಬಗ್ಗುವಂಥದ್ದು. ನನ್ನ ನೆಗಡಿ ಅವಳ ಮೂಗಿನಲ್ಲಿ ಇಲ್ಲ.

"ಹನ್ನೆರಡನೇ ತಾರೀಖಿನ ಹನೀಲೇ ಸ್ವಲ್ಪ ಗದ್ದಲ ಇತ್ತು, ಈಗ ನೋಡಿದ್ರೆ ಕಾಣುತ್ತೆ. ಸೈನಿಕರು ಗುಸುಗುಸು ಅಂತಿದ್ರು. ನಮಗೆ ಓದೋಕೆ ಬರಲಿಲ್ಲ. ಅದನ್ನ ಕಲಿಯೋಕೇ ಇಷ್ಟೆಲ್ಲ."

ಕುಳಿತುಬಿಟ್ಟೆ. ಅವರು ಕುಳಿತುಕೊಳ್ಳಲಿಲ್ಲ.

"ಎರಡನೇ ಬೆಡ್ಡಿನ ಮಗೂಗೆ ಮಾತ್ರ ನೆಗಡಿ ಇದೆ. ಗಟ್ಟಿಯಾಗಿದಾನೆ, ಸ್ವಲ್ಪ ಆಕ್ಸಿಜನ್ ಅಷ್ಟೆ. ಅದು ನಿಮ್ಮಿಂದ್ಲೇ ಬಂತು ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ."

ಎರಡನೆಯ ಬೆಡ್ಡಿನ ತಾಯಿ ದರ್ಜಿ. ಕಾರಿಡಾರಿನ ಬೆಂಚಿನಲ್ಲೇ ಕುಳಿತು ಹಿಡಿ ಗಾತ್ರದ ಟೊಪ್ಪಿಗೆ ಹೊಲಿಯುತ್ತಾಳೆ. ಹೋಗಿ ಎದುರು ನಿಂತೆ. ಎಲ್ಲ ಹೇಳಿದೆ. ಸೂಜಿ ನಿಂತಿತು.

"ನನ್ನ ಮಗೂಗೆ ಏನಾದ್ರೂ ಆಗಿದ್ರೆ ನಿಮ್ಮ ಕೆಮ್ಮಲ್ಲ ಅಣ್ಣಾ, ಉಸಿರೇ ನಿಲ್ಲಿಸ್ತಿದ್ದೆ."

"ಸರಿ ತಾಯಿ."

"ನಿಂತೇ ಇರ್ತೀರಾ ಇನ್ನೂ?"

ತುಸು ಆಚೆ ಸರಿದಳು. ಬೆಂಚಿನ ಈ ತುದಿಯಲ್ಲಿ ಕುಳಿತೆ. ಅವಳು ಮಾಸ್ಕ್ ಸರಿಪಡಿಸಿಕೊಂಡಳು, ನಾನೂ.

ಜೂನ್ 25

ಯಂತ್ರ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ. ಮರೆಯುತ್ತಾಳೆ, ನೆನಪಿಸಿಕೊಳ್ಳುತ್ತಾಳೆ.

ಎರಡನೆಯ ಬೆಡ್ಡಿನವನ ಆಕ್ಸಿಜನ್ ಕೂಡ ಬಿಡಿಸಿದ್ದಾರೆ. ದರ್ಜಿ ತಾಯಿ ದೂರದಿಂದಲೇ ಹೆಬ್ಬೆರಳು ತೋರಿಸಿದಳು.

ಜೂನ್ 29

ಮಗಳನ್ನು ಗಾಲಿಕುರ್ಚಿಯಲ್ಲಿ ಕೆಳಗೆ ತಂದರು. ಮೊದಲ ಸಲ ಬೊಗಸೆಯನ್ನು ಎದೆಗೆ ಹಾಕಿಕೊಂಡಳು. ಗಾಜಿನಾಚೆ ನಿಂತು ನೋಡಿದೆ. ಇಪ್ಪತ್ತೊಂಬತ್ತು ದಿನ ತಡವಾಗಿ ತಾಯಿಯ ಪ್ರವೇಶ. ಗೋಡೆಯ ಕಿವಿ ಹಸಿರು.

ನನ್ನ ಹತ್ತು ದಿನ ಮುಗಿದಿತ್ತು. ಆದರೂ ಡಾಕ್ಟರಮ್ಮ, "ಖಾತ್ರಿಗೆ ಇನ್ನೊಂದೈದು ದಿನ ತಾತ. ನಾಲ್ಕನೇ ತಾರೀಖು ನಿಮ್ಮ ಸರದಿ" ಎಂದರು.

ಜುಲೈ 4, ಬೆಳಿಗ್ಗೆ 9

ನನ್ನ ಸರದಿ. ಕ್ಷೌರ, ಸ್ನಾನ, ಒಗೆದ ಅಂಗಿ. ಸೋಪು, ಮೊಣಕೈ, ಎರಡು ನಿಮಿಷ. ಬಾಗಿಲಲ್ಲಿ ಪುಸ್ತಕ ತೆರೆದೆ.

ಗಂಟಲಿನ ಮೂಲೆಯಲ್ಲಿ ಒಂದು ಕೆರೆತ. ಮುಳ್ಳಲ್ಲ, ನಾರು. ಧೂಳು ಇರಬಹುದು, ನಿಜವಾಗಿಯೂ ಇರಬಹುದು. ತಡೆದರೆ ದೇವರಿಗೂ ಗೊತ್ತಾಗದು. ಒಳಗಿನಿಂದ ಮಗಳು ನನ್ನ ಎಡಗಿವಿಯನ್ನೇ ನೋಡುತ್ತಿದ್ದಳು.

ಕೆಮ್ಮಿದೆ. ಕಾರಿಡಾರಿನಲ್ಲಿ, ತೋಳು ಅಡ್ಡ ಹಿಡಿದು, ಕಂಪನಿಯ ಕಾಲದ ಗಂಟಲಲ್ಲಿ. ಬೆಂಚಿನವರೆಲ್ಲ ತಿರುಗಿದರು.

ಕೆಮ್ಮು: ಹೌದು.

ಸಿಸ್ಟರ್ ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. "ಗಾಜಿನ ಹತ್ರ ನಿಂತ್ಕೊಳ್ಳಿ. ಅಲ್ಲಿಗೆ ಟಿಕೆಟ್ ಬೇಡ."

ಅಲ್ಲೇ ನಿಂತು ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಮಗಳು ಕುರ್ಚಿಯನ್ನು ಈ ಕಡೆ ತಿರುಗಿಸಿಕೊಂಡಿದ್ದಾಳೆ. ಒಂದು ಕಿರೀಟ ತೊಟ್ಟು ತೋರಿಸಿದೆ, ಬರಿಗೈಯಲ್ಲಿ. ಒಂದು ಕುದುರೆ ಏರಿದೆ. ಸದ್ದಿಲ್ಲ. ಮಗಳು ನಗು ತಡೆಯುತ್ತಾ ಅಲುಗುತ್ತಾಳೆ, ಅವಳ ಎದೆಯ ಮೇಲೆ ಬೊಗಸೆಯೂ ಅಲುಗುತ್ತಾಳೆ. ಕಣ್ಣು ಬಿಟ್ಟಿದ್ದಾಳೆ. ಇಷ್ಟು ದೂರ ಕಾಣುವ ವಯಸ್ಸಲ್ಲ ಅಂತಾರೆ. ಯಾರಿಗೆ ಗೊತ್ತು.

ಇವತ್ತಿನ ತೂಕ ಎಷ್ಟು ಎಂದು ಕೈಸನ್ನೆಯಲ್ಲಿ ಕೇಳಿದೆ. ಸಿಸ್ಟರ್ ಒಂದು ಬೆರಳು ಎತ್ತಿದಳು. ಒಂದು ಕಿಲೋ. ಆಮೇಲೆ ಎರಡು ಬೆರಳು. ಇನ್ನೂರು ಗ್ರಾಂ. ತಡಿ, ಕೈ ಇಳಿಸಿಲ್ಲ... ಇನ್ನೊಂದು ಬೆರಳೂ ಏಳುತ್ತಿದೆ, ಅಂದರೆ ಮುನ್ನೂ...